ಮೇಕೆಗಳನ್ನು ಒಟ್ಟಿಗೆ ಬೆದೆಗೆ ತರುವುದು ಹೇಗೆ: ಹಾರ್ಮೋನು ಬಳಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಮೇಕೆ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ಮಂದೆಯ ಎಲ್ಲ ಮೇಕೆಗಳೂ ಒಂದೇ ವಾರದೊಳಗೆ ಬೆದೆಗೆ ಬರಬೇಕಾದರೆ ಯಾವ ಇಂಜೆಕ್ಷನ್ ಕೊಡಿಸಬೇಕು? ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಇಂಜೆಕ್ಷನ್ ಕೊಡಿಸಿದರೂ ಕೆಲವು ಮೇಕೆಗಳು ಬೆದೆಗೆ ಬರಲಿಲ್ಲ, ಒಂದೆರಡು ಕಂದು ಹಾಕಿದವು, ಅಂದರೆ ಅವಕ್ಕೆ ಗರ್ಭಪಾತವಾಯಿತು, ಏಕೆ? ಎರಡನೆಯ ಪ್ರಶ್ನೆಯ ಉತ್ತರ ತಿಳಿಯದೆ ಮೊದಲನೆಯದಕ್ಕೆ ಕೈ ಹಾಕಬಾರದು. ಹಾರ್ಮೋನು ಬಹುಮಟ್ಟಿಗೆ ಮಾಡುವ ಕೆಲಸವೆಂದರೆ, ಮೇಕೆಯ ದೇಹದಲ್ಲಿ ಆಗಲೇ ನಡೆಯುತ್ತಿರುವ ಚಕ್ರದ ತಾರೀಖನ್ನು ಹಿಂದೆ ಮುಂದೆ ಮಾಡುವುದು. ಚಕ್ರವೇ ನಡೆಯದಷ್ಟು ಬಡಕಲಾದ ಮೇಕೆಗೂ ಗಬ್ಬದ ಮೇಕೆಗೂ ಒಂದೇ ಔಷಧ ಕೊಟ್ಟರೆ ಮೊದಲನೆಯದರಲ್ಲಿ ಹಣ ಹೋಗುತ್ತದೆ, ಎರಡನೆಯದರಲ್ಲಿ ಮರಿಯೂ ಹೋಗುತ್ತದೆ.

ಇಲ್ಲಿ ಹೇಳಿರುವ ಔಷಧಗಳೆಲ್ಲ ಪಶುವೈದ್ಯರ ಚೀಟಿಯ ಮೇಲೆ, ಅವರ ಕೈಯಿಂದ ಅಥವಾ ಅವರ ನಿಗಾದಲ್ಲಿ ಬಳಸಬೇಕಾದವು. ನಾನು ಕೊಟ್ಟಿರುವ ಪ್ರಮಾಣಗಳು ನಿಮ್ಮ ಪಶುವೈದ್ಯರೊಂದಿಗೆ ಮಾತಾಡುವಾಗ ನೆರವಾಗಲಿ ಎಂಬುದಕ್ಕೆ ಮಾತ್ರ.

ಮೊದಲು 21 ದಿನಗಳ ಲೆಕ್ಕ

ಮೇಕೆಯ ಋತುಚಕ್ರ ಸರಾಸರಿ 21 ದಿನಗಳದ್ದು. 18ರಿಂದ 24 ದಿನಗಳವರೆಗೆ ಹೆಚ್ಚುಕಡಿಮೆ ಆಗುವುದು ಸಹಜ. ಬೆದೆ ಕಾಣಿಸಿಕೊಂಡ ದಿನವನ್ನು ಸೊನ್ನೆಯೆಂದು ಹಿಡಿಯೋಣ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗವು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಸಣ್ಣ ಸಣ್ಣ ಕಂತುಗಳಲ್ಲಿ ಬಿಡುತ್ತದೆ. ಅದರ ಆಣತಿಯಂತೆ ಪಿಟ್ಯುಟರಿ ಗ್ರಂಥಿಯಿಂದ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳು ಹೊರಡುತ್ತವೆ. ಎಫ್‌ಎಸ್‌ಎಚ್ ಅಂಡಾಶಯದಲ್ಲಿ ಅಂಡಕೋಶಿಕೆಗಳನ್ನು, ಅಂದರೆ ಅಂಡವನ್ನು ಒಳಗಿಟ್ಟುಕೊಂಡ ನೀರುಗುಳ್ಳೆಗಳನ್ನು, ಬೆಳೆಸುತ್ತದೆ. ಬೆಳೆದ ಗುಳ್ಳೆ ಈಸ್ಟ್ರೋಜನ್ ಸುರಿಸುತ್ತದೆ. ಮೇಕೆ ಅರಚುವುದು, ಬಾಲ ಬಡಿಯುವುದು, ಹೋತನಿಗೆ ನಿಲ್ಲುವುದು ಎಲ್ಲವೂ ಈ ಈಸ್ಟ್ರೋಜನ್ನಿನ ಪರಿಣಾಮ. ಅದು ಒಂದು ಮಟ್ಟ ದಾಟಿದಾಗ ಎಲ್‌ಎಚ್ ಒಮ್ಮೆಲೇ ಏರುತ್ತದೆ, ಗುಳ್ಳೆ ಒಡೆದು ಅಂಡ ಬಿಡುಗಡೆಯಾಗುತ್ತದೆ. ಬೆದೆ 24ರಿಂದ 48 ಗಂಟೆ ಇರುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆ ಶುರುವಾಗಿ ಸುಮಾರು 24ರಿಂದ 36 ಗಂಟೆಗಳ ಮೇಲೆ, ಅಂದರೆ ಬೆದೆಯ ಕೊನೆಯ ಹೊತ್ತಿಗೆ.

ಒಡೆದ ಗುಳ್ಳೆಯ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಗಂಟು ಬೆಳೆಯುತ್ತದೆ. ಮುಂದೆ ಇದನ್ನು ಹಳದಿ ಗಂಟು ಎಂದೇ ಕರೆಯುತ್ತೇನೆ. ಇದು ಪ್ರೊಜೆಸ್ಟರಾನ್ ತಯಾರಿಸುತ್ತದೆ, ಮತ್ತು ಪ್ರೊಜೆಸ್ಟರಾನ್ ಇರುವವರೆಗೆ ಮುಂದಿನ ಬೆದೆ ಬರುವುದಿಲ್ಲ. ಗಬ್ಬ ನಿಲ್ಲದಿದ್ದರೆ ಸುಮಾರು 16–17ನೆಯ ದಿನ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಕಳಿಸಿ ಹಳದಿ ಗಂಟನ್ನು ಕರಗಿಸುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಹೊಸ ಬೆದೆ ಬರುತ್ತದೆ. ಗಬ್ಬ ನಿಂತಿದ್ದರೆ ಭ್ರೂಣವು ಅದಕ್ಕೂ ಮೊದಲೇ ಸಂಕೇತ ಕಳಿಸಿ ಗರ್ಭಕೋಶವನ್ನು ತಡೆಯುತ್ತದೆ.

ಇಲ್ಲಿಯೇ ಗಮನವಿಟ್ಟು ಓದಬೇಕಾದ ಅಂಶವಿದೆ. ಕುರಿಯಲ್ಲಿ ಗರ್ಭ ಎರಡು ತಿಂಗಳಿನ ಹೊತ್ತಿಗೆ ಮಾಸು ತಾನೇ ಸಾಕಷ್ಟು ಪ್ರೊಜೆಸ್ಟರಾನ್ ತಯಾರಿಸತೊಡಗುತ್ತದೆ. ಮೇಕೆಯಲ್ಲಿ ಹಾಗಿಲ್ಲ, ಸುಮಾರು 150 ದಿನಗಳ ಗರ್ಭಾವಧಿ ಪೂರ್ತಿ ಹಳದಿ ಗಂಟೇ ಗಬ್ಬವನ್ನು ಹಿಡಿದಿಟ್ಟಿರುತ್ತದೆ. ಆದ್ದರಿಂದ ಪ್ರೊಸ್ಟಗ್ಲಾಂಡಿನ್ ಚುಚ್ಚಿದರೆ ಮೇಕೆ ಎಷ್ಟೇ ತಿಂಗಳ ಗಬ್ಬವಾಗಿದ್ದರೂ ಕಂದು ಹಾಕುತ್ತದೆ. ಕುರಿಯ ಅನುಭವವನ್ನು ಮೇಕೆಗೆ ಅನ್ವಯಿಸಬೇಡಿ.

ನಮ್ಮಲ್ಲಿ ಋತುವಿನ ಪಾತ್ರ

ಯುರೋಪಿನ ಸಾನೆನ್, ಆಲ್ಪೈನ್ ತಳಿಗಳು ಹಗಲು ಕುಗ್ಗತೊಡಗಿದ ಮೇಲೆ ಮಾತ್ರ ಬೆದೆಗೆ ಬರುತ್ತವೆ. ಇರುಳು ದೀರ್ಘವಾದಂತೆ ಮೆಲಟೋನಿನ್ ಎಂಬ ಕತ್ತಲಿನ ಹಾರ್ಮೋನು ಹೆಚ್ಚು ಹೊತ್ತು ಸ್ರವಿಸಿ ಜಿಎನ್‌ಆರ್‌ಎಚ್ ಕಂತುಗಳನ್ನು ಚುರುಕುಗೊಳಿಸುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರ. ಹಾಗಾಗಿ ನಂದಿದುರ್ಗ, ಬಿದರಿ, ಉಸ್ಮಾನಾಬಾದಿ ಮುಂತಾದ ಮೇಕೆಗಳು ವರ್ಷವಿಡೀ ಬೆದೆಗೆ ಬರಬಲ್ಲವು. ಅವನ್ನು ತಡೆಯುವುದು ಬೆಳಕಿಗಿಂತ ಹೆಚ್ಚಾಗಿ ಮೇವಿನ ಕೊರತೆ. ವಿದೇಶದ ಪುಸ್ತಕಗಳಲ್ಲಿರುವ ಬೆಳಕಿನ ಉಪಚಾರ, ಮೆಲಟೋನಿನ್ ಉಪಚಾರಗಳಿಗೆ ನಮ್ಮ ಸಾಕಣೆದಾರರು ಹಣ ಸುರಿಯಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಅದೇ ದುಡ್ಡಿನ ಹಿಂಡಿ ತಂದರೆ ಹೆಚ್ಚು ಫಲವಿದೆ.

ಬೇಕಾಗುವವು

ಪ್ರತಿ ಮೇಕೆಗೂ ಕಿವಿಯೋಲೆ ಅಥವಾ ಬೇರೆ ಗುರುತು, ತಾರೀಖು ಬರೆಯಲು ಒಂದು ಪುಸ್ತಕ, ಪ್ರತ್ಯೇಕವಾಗಿ ಕಟ್ಟಬಹುದಾದ ಆರೋಗ್ಯವಂತ ಹೋತ, 1 ಮಿಲಿಲೀಟರಿನ ಸಿರಿಂಜುಗಳು, ಕೈಗವಸು, ಪೊವಿಡೋನ್ ಅಯೋಡಿನ್ ದ್ರಾವಣ. ಹಂತ 5ರಲ್ಲಿ ಹೇಳುವ ಔಷಧದ ಸ್ಪಾಂಜು ಬಳಸುವುದಾದರೆ ಅದನ್ನು ಯೋನಿಯ ಒಳಗಿಡುವ ಕೊಳವೆ. ಇವುಗಳಲ್ಲಿ ಪುಸ್ತಕವೊಂದು ಇಲ್ಲದಿದ್ದರೆ ಉಳಿದುದನ್ನು ಕೊಳ್ಳಲು ಹೋಗಬೇಡಿ.

ಹಂತ 1: ಮರಿ ಯಾವಾಗ ಬೇಕು ಎಂದು ಹಿಂದಕ್ಕೆ ಎಣಿಸಿ

ಬೆದೆಯ ತಾರೀಖು ತೀರ್ಮಾನವಾಗಬೇಕಾದುದು ಮರಿಯ ತಾರೀಖಿನಿಂದ. ಬಕ್ರೀದಿಗೆ ಹೋತ ಮಾರುವವರು ಅದಕ್ಕೆ ಒಂದು ವರ್ಷ ತುಂಬಿರಬೇಕೆಂಬ ನಿಯಮವನ್ನು ಬಲ್ಲರು. ಗರ್ಭದ ಐದು ತಿಂಗಳು ಸೇರಿಸಿದರೆ ಹಬ್ಬಕ್ಕೆ ಕನಿಷ್ಠ 17 ತಿಂಗಳು ಮೊದಲು ಹೋತ ಕೂಡಿಸಿರಬೇಕು, ಮೈ ತುಂಬಲು ಇನ್ನೊಂದೆರಡು ತಿಂಗಳು ಬಿಟ್ಟುಕೊಂಡರೆ ಒಳ್ಳೆಯದು. ಹಬ್ಬವು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜನವರಿ–ಮಾರ್ಚಿಯಲ್ಲಿ ಗಬ್ಬ ಕಟ್ಟಿದ ಮೇಕೆಗಳು ಜೂನ್–ಆಗಸ್ಟಿನ ಮಳೆಯಲ್ಲಿ ಈಯುತ್ತವೆ. ನೆಲ ಒಣಗದ ದೊಡ್ಡಿಯಿದ್ದರೆ ಎಳೆ ಮರಿಗಳಿಗೆ ಅದು ಕಷ್ಟದ ಕಾಲ.

ಎಲ್ಲ ಮೇಕೆಗಳೂ ಒಂದೇ ವಾರ ಈದರೆ ಆ ವಾರ ರಾತ್ರಿ ಎಚ್ಚರವಿರಲು ಆಳುಗಳೂ ಮರಿಗಳಿಗೆ ಜಾಗವೂ ಬೇಕು. ದೊಡ್ಡ ಮಂದೆಯನ್ನು ಎರಡು ಮೂರು ಗುಂಪು ಮಾಡಿ ಗುಂಪಿಗೊಂದು ತಾರೀಖು ಇಟ್ಟುಕೊಳ್ಳುವುದು ವಾಸಿ.

ಹಂತ 2: ಮೇಕೆಗಳನ್ನು ಆರಿಸಿ

ಪಟ್ಟಿಗೆ ಸೇರಿಸಬಾರದವು ಇವು: ಈದು ಎರಡು ತಿಂಗಳಾಗದವು, ವಯಸ್ಕ ತೂಕದ ಮೂರನೇ ಎರಡು ಭಾಗ ಮುಟ್ಟದ ಪಡ್ಡೆಗಳು, ಬೆನ್ನುಮೂಳೆಯ ಮೊನೆ ಕೈಗೆ ಚುಚ್ಚುವಷ್ಟು ಸೊರಗಿದವು, ಕೆಟ್ಟ ವಾಸನೆಯ ಸ್ರಾವವಿರುವವು. ಮತ್ತು ಗಬ್ಬದವು.

ಹೋತ ಮಂದೆಯಲ್ಲೇ ಅಡ್ಡಾಡಿಕೊಂಡಿದ್ದರೆ ಯಾವುದು ಗಬ್ಬ, ಯಾವುದು ಅಲ್ಲ ಎಂದು ನಿಮ್ಮ ಕಣ್ಣಂದಾಜು ಹೇಳಲಾರದು. ಹೊಟ್ಟೆಯ ಮೇಲಿನಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ 40–45 ದಿನ ದಾಟಿದ ಗಬ್ಬ ಚೆನ್ನಾಗಿ ತಿಳಿಯುತ್ತದೆ. ಆದುದರಿಂದ ಹೋತವನ್ನು ಮೊದಲು ಬೇರ್ಪಡಿಸಿ, 45 ದಿನ ಕಳೆದ ಮೇಲೆ ಎಲ್ಲವನ್ನೂ ಪರೀಕ್ಷೆ ಮಾಡಿಸಿ. ಈ ಕಾಯುವಿಕೆಯನ್ನು ವ್ಯರ್ಥವೆಂದುಕೊಳ್ಳಬೇಡಿ. ಹಂತ 4ರಲ್ಲಿ ಇದು ಬೇರೆ ರೀತಿಯಲ್ಲೂ ಪ್ರಯೋಜನಕ್ಕೆ ಬರುತ್ತದೆ.

ಇದೇ ಪರೀಕ್ಷೆಯಲ್ಲಿ ಎರಡು ಬಗೆಯ ‘ಗೊಡ್ಡು’ ಮೇಕೆಗಳೂ ಬಯಲಾಗಬಹುದು. ಒಂದು, ಸುಳ್ಳು ಗಬ್ಬ. ಗಬ್ಬ ನಿಲ್ಲದಿದ್ದರೂ ಹಳದಿ ಗಂಟು ಕರಗದೆ ಉಳಿದು, ಗರ್ಭಕೋಶದಲ್ಲಿ ನೀರು ತುಂಬುತ್ತಾ ಹೋಗುತ್ತದೆ. ಹೊಟ್ಟೆ ದೊಡ್ಡದಾಗುತ್ತದೆ, ಬೆದೆ ನಿಲ್ಲುತ್ತದೆ, ಕೊನೆಗೊಂದು ದಿನ ಮರಿಯಿಲ್ಲದೆ ನೀರಷ್ಟೇ ಸುರಿಯುತ್ತದೆ. ತೆರೆಯ ಮೇಲೆ ಮರಿಯಾಗಲಿ ಮಾಸಿನ ಗುಂಡಿಗಳಾಗಲಿ ಇಲ್ಲದೆ ಬರೀ ಕಪ್ಪು ನೀರು ಕಂಡರೆ ಇದೇ ಎಂದು ಪಶುವೈದ್ಯರು ಗುರುತಿಸುತ್ತಾರೆ. ಇದಕ್ಕೆ ಪ್ರೊಸ್ಟಗ್ಲಾಂಡಿನ್ ಸರಿಯಾದ ಔಷಧ. ಇನ್ನೊಂದು, ಹುಟ್ಟಿನಿಂದಲೇ ಗಂಡು–ಹೆಣ್ಣುಗಳ ನಡುವಿನ ಸ್ಥಿತಿಯಲ್ಲಿರುವ ಮೇಕೆ. ಹುಟ್ಟುಬೋಳಿಯಾದ, ಅಂದರೆ ಹುಟ್ಟಿನಿಂದಲೇ ಕೊಂಬಿಲ್ಲದ, ಮೇಕೆಯನ್ನು ಹುಟ್ಟುಬೋಳಿಯಾದ ಹೋತಕ್ಕೇ ಕೂಡಿಸಿದಾಗ, ಎರಡೂ ಕಡೆಯಿಂದ ಆ ಗುಣ ಪಡೆದ ಹೆಣ್ಣು ಮರಿಗಳು ಹೀಗಾಗುತ್ತವೆ. ಯಾವ ಹಾರ್ಮೋನೂ ಇವುಗಳನ್ನು ಬೆದೆಗೆ ತರಲಾರದು. ಜೋಡಿಯಲ್ಲಿ ಒಂದಕ್ಕಾದರೂ ಕೊಂಬಿರಲಿ.

ಹಂತ 3: ಮೂರು ವಾರ ಮೊದಲೇ ಮೇವು ಹೆಚ್ಚಿಸಿ

ದಿನಕ್ಕೆ ಮೇಕೆಯೊಂದಕ್ಕೆ 200ರಿಂದ 300 ಗ್ರಾಂ ಕೈತಿಂಡಿ, ಅಂದರೆ ಮುರಿದ ಜೋಳ, ಹಿಂಡಿ, ಬೂಸಾ ಮಿಶ್ರಣ, ಜೊತೆಗೆ ಖನಿಜ ಮಿಶ್ರಣ ಕೊಡಿ. ಹೋತ ಕೂಡಿಸಿದ ಮೇಲೂ ಎರಡು ಮೂರು ವಾರ ಇದು ಮುಂದುವರಿಯಬೇಕು. ಮೈಯಲ್ಲಿ ಶಕ್ತಿ ಸಂಗ್ರಹವಾಗುತ್ತಿದೆ ಎಂಬ ಸುದ್ದಿ ಮಿದುಳಿಗೆ ತಲುಪಿದಾಗಲೇ ಎಲ್‌ಎಚ್ ಕಂತುಗಳು ಚುರುಕಾಗುವುದು. ಆಗಲೇ ಕೊಬ್ಬಿದ ಮೇಕೆಗೆ ಇದರಿಂದ ಲಾಭವಿಲ್ಲ.

ಜಂತುಹುಳುವಿನ ಔಷಧ ಮತ್ತು ಲಸಿಕೆಗಳನ್ನು ಈ ಅವಧಿಯಲ್ಲೇ ಮುಗಿಸಿ. ಅಲ್ಬೆಂಡಜೋಲನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಟ್ಟರೆ ಭ್ರೂಣಕ್ಕೆ ಅಪಾಯ.

ಹಂತ 4: ಹೋತನ ವಾಸನೆಯಿಂದ ಆಗುವ ಕೆಲಸಕ್ಕೆ ಔಷಧ ಕೊಳ್ಳಬೇಡಿ

ಹೋತನ ಮುಖ, ಸದ್ದು, ವಾಸನೆ ಯಾವುದೂ ತಾಕದಷ್ಟು ದೂರದಲ್ಲಿ ಮೇಕೆಗಳನ್ನು ನಾಲ್ಕು ವಾರ ಇರಿಸಿ, ಆಮೇಲೆ ಒಮ್ಮೆಲೇ ಹೋತವನ್ನು ಬಿಟ್ಟರೆ, ಚಕ್ರ ನಿಂತಿದ್ದ ಮೇಕೆಗಳಲ್ಲಿ ಎಲ್‌ಎಚ್ ಕಂತುಗಳು ಕೂಡಲೇ ಹೆಚ್ಚಿ, ಹಲವು ಮೇಕೆಗಳಲ್ಲಿ ಮೂರರಿಂದ ಐದು ದಿನಗಳೊಳಗೆ ಅಂಡ ಬಿಡುಗಡೆಯಾಗುತ್ತದೆ. 2014ರಲ್ಲಿ ಜಪಾನಿನ ಸಂಶೋಧಕರು ಹೋತನ ತಲೆಯ ಭಾಗದಿಂದ ಹೊಮ್ಮುವ 4-ಈಥೈಲ್‌ಆಕ್ಟನಾಲ್ ಎಂಬ ಸಂಯುಕ್ತವು ಮೇಕೆಯ ಮಿದುಳಿನಲ್ಲಿ ಜಿಎನ್‌ಆರ್‌ಎಚ್ ಕಂತುಗಳನ್ನು ಬಿಡಿಸುವ ಕೇಂದ್ರವನ್ನು ಪ್ರಚೋದಿಸುವುದನ್ನು ತೋರಿಸಿದರು. ಕೊಂಬಿನ ಬುಡದ ಗ್ರಂಥಿಗಳ ನಾತವನ್ನು ಸಹಿಸಲಾರದೆ ಹೋತವನ್ನು ಉಜ್ಜಿ ತೊಳೆಯುವವರು ಈ ಸಮಯದಲ್ಲಾದರೂ ಅದನ್ನು ಬಿಡಬೇಕು.

ಇದರಲ್ಲಿ ಜನ ಮೋಸ ಹೋಗುವ ಒಂದು ಜಾಗವಿದೆ. ಬಹಳ ದಿನ ಚಕ್ರ ನಿಂತಿದ್ದ ಮೇಕೆಯ ಮೊದಲ ಹಳದಿ ಗಂಟು ಅನೇಕ ವೇಳೆ ಗಟ್ಟಿಯಾಗಿರುವುದಿಲ್ಲ. ಐದರಿಂದ ಏಳು ದಿನಗಳಲ್ಲಿ ಕರಗಿ ಮೇಕೆ ಮತ್ತೆ ಬೆದೆಗೆ ಬರುತ್ತದೆ. ಹೋತ ಕೂಡಿದ ವಾರಕ್ಕೇ ಮೇಕೆ ತಿರುಗಿ ಬೆದೆಗೆ ಬಂದಿತೆಂದು ಹೋತನನ್ನು ಶಂಕಿಸಬೇಡಿ. ಗಬ್ಬ ಗಟ್ಟಿಯಾಗಿ ನಿಲ್ಲುವುದು ಈ ಎರಡನೆಯ ಬೆದೆಯಲ್ಲಿ. ಹೀಗಾಗಿ ಹೋತ ಕನಿಷ್ಠ ಎರಡು ವಾರವಾದರೂ ಗುಂಪಿನಲ್ಲಿರಬೇಕು.

ಇಪ್ಪತ್ತು ಮೂವತ್ತು ಮೇಕೆಗಳನ್ನು ಸಾಕಿ ಹೋತದಿಂದಲೇ ಕೂಡಿಸುವವರಿಗೆ ಇಷ್ಟೇ ಸಾಕು. ಕೃತಕ ಗರ್ಭಧಾರಣೆ ಮಾಡಿಸುವವರು, ಅಥವಾ ಮರಿಗಳು ಮೂರು ನಾಲ್ಕು ದಿನಗಳ ಅಂತರದಲ್ಲೇ ಹುಟ್ಟಬೇಕೆನ್ನುವವರು ಮಾತ್ರ ಮುಂದಿನ ಹಂತಕ್ಕೆ ಹೋಗಬೇಕು.

ಹಂತ 5: ಹಾರ್ಮೋನಿನ ದಾರಿಯನ್ನು ಆರಿಸಿ

*ಮೊದಲ ದಾರಿ: ಎರಡು ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು.* ಇದು ಹಳದಿ ಗಂಟನ್ನು ಕರಗಿಸುವ ಔಷಧ. ಹಾಗಾಗಿ ಕರಗಿಸಲು ಗಂಟು ಇರಬೇಕು. ಬೆದೆಯಾದ ಮೊದಲ ನಾಲ್ಕು ದಿನ ಎಳೆಯ ಗಂಟು ಈ ಔಷಧಕ್ಕೆ ಜಗ್ಗುವುದಿಲ್ಲ. 17ನೆಯ ದಿನದ ನಂತರ ಅದು ತಾನೇ ಕರಗುತ್ತಿರುತ್ತದೆ. ಒಂದೇ ಚುಚ್ಚುಮದ್ದಿಗೆ ಮಂದೆಯ ಒಂದು ಭಾಗ ಮಾತ್ರ ಸ್ಪಂದಿಸುವುದು ಇದರಿಂದಲೇ. 11 ದಿನ ಬಿಟ್ಟು ಎರಡನೆಯದನ್ನು ಕೊಟ್ಟಾಗ, ಮೊದಲ ಸಲ ಸ್ಪಂದಿಸಿದವೂ ತಪ್ಪಿಸಿಕೊಂಡವೂ ಸರಿಸುಮಾರು ಚಕ್ರದ ನಡುಭಾಗಕ್ಕೆ ಬಂದಿರುತ್ತವೆ, ಮತ್ತು ಹೆಚ್ಚಿನವು ಎರಡು ಮೂರು ದಿನಗಳಲ್ಲಿ ಬೆದೆಗೆ ಬರುತ್ತವೆ. ಚಕ್ರವೇ ನಡೆಯದ ಮೇಕೆಗೆ ಎಷ್ಟು ಸಲ ಕೊಟ್ಟರೂ ಏನೂ ಆಗುವುದಿಲ್ಲ.

ಪ್ರಮಾಣದಲ್ಲಿ ಎಚ್ಚರ ಬೇಕು. ಕ್ಲೋಪ್ರೋಸ್ಟೆನಾಲ್ ಎಂಬ ರೂಪದಲ್ಲಿ ಹಸುವಿಗೆ 500 ಮೈಕ್ರೋಗ್ರಾಂ ಕೊಡುವುದು ರೂಢಿ. ಮೇಕೆಗೆ ಸಾಮಾನ್ಯವಾಗಿ ಅದರ ಕಾಲು ಭಾಗ, 125 ಮೈಕ್ರೋಗ್ರಾಂ ಸಾಕಾಗುತ್ತದೆ. ಮಿಲಿಲೀಟರಿಗೆ 250 ಮೈಕ್ರೋಗ್ರಾಂ ಇರುವ ಔಷಧವಾದರೆ ಅದು ಅರ್ಧ ಮಿಲಿಲೀಟರ್. 5 ಮಿಲಿಲೀಟರಿನ ಸಿರಿಂಜಿನಲ್ಲಿ ಇದನ್ನು ಸರಿಯಾಗಿ ಅಳೆಯಲಾಗದು.

ಗರ್ಭಿಣಿಯರು ಮತ್ತು ಉಬ್ಬಸವಿರುವವರು ಈ ಔಷಧವನ್ನು ಮುಟ್ಟಲೇಬಾರದು. ಇದು ಚರ್ಮದ ಮೂಲಕವೇ ಒಳಗಿಳಿಯುತ್ತದೆ, ಗರ್ಭಪಾತಕ್ಕೂ ಶ್ವಾಸನಾಳ ಬಿಗಿಯುವುದಕ್ಕೂ ಕಾರಣವಾಗಬಹುದು. ಉಳಿದವರೂ ಕೈಗವಸು ಹಾಕಿಕೊಳ್ಳಬೇಕು. ಚರ್ಮದ ಮೇಲೆ ಬಿದ್ದರೆ ಕೂಡಲೇ ಸೋಪಿನಿಂದ ತೊಳೆಯಬೇಕು. ಮನೆಯ ಹೆಣ್ಣುಮಕ್ಕಳೇ ಮೇಕೆ ನೋಡಿಕೊಳ್ಳುವ ಕಡೆ ಇದನ್ನು ಮೊದಲೇ ತಿಳಿಸಿ ಹೇಳಿ.

*ಎರಡನೆಯ ದಾರಿ: ಪ್ರೊಜೆಸ್ಟರಾನ್ ಸ್ಪಾಂಜು.* ಪ್ರೊಜೆಸ್ಟರಾನ್ ಅಥವಾ ಅದರಂತೆಯೇ ಕೆಲಸ ಮಾಡುವ ಔಷಧ ಸವರಿದ ಸ್ಪಾಂಜನ್ನು ಯೋನಿಯೊಳಗೆ ಇಡಲಾಗುತ್ತದೆ. ಸಿಲಿಕೋನಿನಿಂದ ಮಾಡಿದ ಸಾಧನಗಳೂ ಇವೆ. ಅದು ಇರುವಷ್ಟು ದಿನ ಬೆದೆ ತಡೆಹಿಡಿದಿರುತ್ತದೆ, ತೆಗೆದ ಮೇಲೆ ಎಲ್ಲವೂ ಒಟ್ಟಿಗೆ ಬಿಡುಗಡೆಯಾಗುತ್ತವೆ. ಹಳೆಯ ಪದ್ಧತಿಯಲ್ಲಿ 11 ದಿನ ಅಥವಾ ಅದಕ್ಕೂ ಹೆಚ್ಚು ಇಡುತ್ತಾರೆ; ಹೊಸ ಪದ್ಧತಿಯಲ್ಲಿ 5ರಿಂದ 7 ದಿನ ಇಟ್ಟು, ತೆಗೆಯುವ ದಿನ ಅಥವಾ ಅದಕ್ಕೆ ಒಂದು ದಿನ ಮೊದಲು ಪ್ರೊಸ್ಟಗ್ಲಾಂಡಿನ್ ಕೊಡುತ್ತಾರೆ. ಕಡಿಮೆ ದಿನ ಒಳಗಿದ್ದಷ್ಟೂ ಯೋನಿಯ ಉರಿಯೂತ ಕಡಿಮೆ, ಆದ್ದರಿಂದ ನಾನು ಎರಡನೆಯದನ್ನೇ ಒಪ್ಪುತ್ತೇನೆ. ಪ್ರೊಜೆಸ್ಟರಾನ್ ಮೊದಲೇ ಸಿಕ್ಕಿರುವುದರಿಂದ ಹಂತ 4ರಲ್ಲಿ ಹೇಳಿದ ಅಲ್ಪಾಯುಷಿ ಹಳದಿ ಗಂಟಿನ ತೊಂದರೆಯೂ ಇಲ್ಲಿ ಬಹುಪಾಲು ತಪ್ಪುತ್ತದೆ.

ಚಕ್ರ ನಿಂತ ಮೇಕೆಗಳಿಗೆ ಸ್ಪಾಂಜಿನ ಜೊತೆ ಇಸಿಜಿ ಎಂಬ ಮೂರನೆಯ ಔಷಧವೂ ಬೇಕಾಗಬಹುದು. ಇದು ಗಬ್ಬದ ಕುದುರೆಯ ರಕ್ತದಿಂದ ತೆಗೆದ ಹಾರ್ಮೋನು, ಹಳೆಯ ಹೆಸರು ಪಿಎಂಎಸ್‌ಜಿ. ಎದೆಬಡಿತ ದಾಖಲಿಸುವ ಇಸಿಜಿಗೂ ಇದಕ್ಕೂ ಸಂಬಂಧವಿಲ್ಲ. ಸ್ಪಾಂಜು ತೆಗೆಯುವ ಹೊತ್ತಿಗೆ ಅಥವಾ ಎರಡು ದಿನ ಮೊದಲು 200ರಿಂದ 400 ಅಂತರರಾಷ್ಟ್ರೀಯ ಘಟಕದಷ್ಟು, ಮೈತೂಕ ನೋಡಿ ಕೊಡುತ್ತಾರೆ. ಪ್ರಮಾಣ ಮೀರಿದರೆ ಮೂರು ನಾಲ್ಕು ಮರಿಗಳು ನಿಂತು ತಾಯಿಯೂ ಮರಿಗಳೂ ಸೊರಗುತ್ತವೆ, ಅಥವಾ ಗುಳ್ಳೆಗಳು ಒಡೆಯದೆ ಉಳಿಯುತ್ತವೆ. ಪ್ರತಿ ಸಲವೂ ಇದನ್ನೇ ಕೊಡುತ್ತಾ ಹೋದರೆ ಮೇಕೆಯ ದೇಹ ಇದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು, ಬೆದೆ ತಡವಾಗಿ ಬಂದು, ನಿಗದಿತ ಹೊತ್ತಿಗೆ ಮಾಡಿದ ಗರ್ಭಧಾರಣೆ ವಿಫಲವಾಗುತ್ತದೆ. ಪುಡಿಯನ್ನು ತಣ್ಣಗಿಟ್ಟು, ದ್ರಾವಣ ಬೆರೆಸಿದ ಕೂಡಲೇ ಬಳಸಬೇಕು.

ಹಂತ 6: ಸ್ಪಾಂಜು ಇಡುವುದು ಮತ್ತು ತೆಗೆಯುವುದು

ಬಾಲದ ಕೆಳಭಾಗವನ್ನು ತೊಳೆದು ಒರೆಸಿ. ಕೊಳವೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಜಾರುವಂತೆ ಜೆಲ್ ಸವರಿ, ತುಸು ಮೇಲ್ಮುಖವಾಗಿ ಮೆಲ್ಲನೆ ಒಳಕ್ಕೆ ತಳ್ಳಿ ಸ್ಪಾಂಜನ್ನು ಬಿಡಬೇಕು. ಪ್ರತಿ ಮೇಕೆಗೂ ಕೊಳವೆಯನ್ನು ಮತ್ತೆ ಅದ್ದಲೇಬೇಕು. ಇಲ್ಲದಿದ್ದರೆ ಒಂದರ ಸೋಂಕನ್ನು ನೀವೇ ಇಡೀ ಗುಂಪಿಗೆ ಹಂಚಿದಂತೆ. ಹೊರಗೆ ನೇತಾಡುವ ದಾರವನ್ನು ನಾಲ್ಕು ಬೆರಳಿನಷ್ಟು ಉಳಿಸಿ ಕತ್ತರಿಸಿ, ಏಕೆಂದರೆ ಪಕ್ಕದ ಮೇಕೆ ಅದನ್ನು ಮೇವೆಂದು ಎಳೆಯುತ್ತದೆ. ಒಮ್ಮೆಯೂ ಈಯದ ಪಡ್ಡೆಗಳಿಗೆ ಸ್ಪಾಂಜು ಗಾಯ ಮಾಡಿ ಅಂಟಿಕೊಳ್ಳುವ ಸಂಭವವಿದೆ. ಅವುಗಳಿಗೆ ಮೊದಲ ದಾರಿ ಅಥವಾ ಹೋತನ ವಾಸನೆಯೇ ಮೇಲು.

ತೆಗೆಯುವಾಗ ದಾರವನ್ನು ಕೆಳಮುಖವಾಗಿ, ನಿಧಾನವಾಗಿ ಎಳೆಯಿರಿ. ಜೊತೆಗೆ ನಾರುವ ಮಬ್ಬು ದ್ರವ ಸುರಿದರೆ ಗಾಬರಿ ಬೇಡ, ಒಂದೆರಡು ದಿನಗಳಲ್ಲಿ ತಿಳಿಯಾಗುತ್ತದೆ. ರಕ್ತ ಅಥವಾ ಕೀವು ಕಂಡರೆ ಮಾತ್ರ ಆ ಮೇಕೆಯನ್ನು ಬದಿಗಿರಿಸಿ ಚಿಕಿತ್ಸೆ ಕೊಡಿಸಿ. ಹಾಕಿದ ಸ್ಪಾಂಜುಗಳನ್ನೂ ತೆಗೆದವನ್ನೂ ಎಣಿಸಿ ತಾಳೆ ನೋಡಿ, ಬಳಸಿದವನ್ನು ಹೂಳಿ ಅಥವಾ ಸುಟ್ಟುಬಿಡಿ. ಹಾಲು ಮತ್ತು ಮಾಂಸವನ್ನು ಎಷ್ಟು ದಿನ ಬಳಸಬಾರದೆಂಬುದು ಔಷಧದ ಪೊಟ್ಟಣದ ಮೇಲೆಯೇ ಇರುತ್ತದೆ.

ಹಂತ 7: ಬೆದೆ ನೋಡಿ ಕೂಡಿಸಿ

ಸ್ಪಾಂಜು ತೆಗೆದ 24ರಿಂದ 72 ಗಂಟೆಗಳ ನಡುವೆ ಬೆದೆ ಕಾಣಿಸಿಕೊಳ್ಳುತ್ತದೆ. ಹೋತನ ಹೊಟ್ಟೆಯ ಕೆಳಗೆ ಗೋಣಿಚೀಲದ ಅಡ್ಡಬಟ್ಟೆ ಕಟ್ಟಿ ಬೆಳಗ್ಗೆ ಸಂಜೆ ಅರ್ಧ ಗಂಟೆ ಮಂದೆಯಲ್ಲಿ ಬಿಟ್ಟರೆ ಯಾವುದು ನಿಲ್ಲುತ್ತದೆಂದು ಅದೇ ತೋರಿಸಿಕೊಡುತ್ತದೆ. ಬಾಲ ಬಡಿಯುವುದು, ಅರಚಾಟ, ಪದೇ ಪದೇ ಉಚ್ಚೆ ಹೊಯ್ಯುವುದು, ಮೇವು ಬಿಡುವುದು ಇವೆಲ್ಲ ಸುಳಿವುಗಳು. ಹೋತ ಏರಿದಾಗ ಅಲುಗದೆ ನಿಲ್ಲುವುದೇ ಖಚಿತ ಲಕ್ಷಣ. ಲೋಳೆಯನ್ನೂ ಗಮನಿಸಿ: ನೀರಿನಂತೆ ತಿಳಿಯಾಗಿದ್ದರೆ ಬೆದೆಯ ಆರಂಭ, ಮಬ್ಬಾಗಿ ಬೆಳ್ಳಗೆ ಗಟ್ಟಿಯಾದರೆ ಅಂಡ ಬಿಡುಗಡೆಯ ಹೊತ್ತು ಹತ್ತಿರ.

ಬೆಳಗ್ಗೆ ಬೆದೆ ಕಂಡರೆ ಅಂದು ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಇನ್ನೊಮ್ಮೆ ಕೂಡಿಸಿ. ಕೃತಕ ಗರ್ಭಧಾರಣೆಗೂ ಇದೇ ಲೆಕ್ಕ. ಒಟ್ಟಿಗೆ ಬೆದೆಗೆ ತಂದ ಗುಂಪಿಗೆ ಹೋತಗಳೂ ಹೆಚ್ಚು ಬೇಕೆಂಬುದನ್ನು ಹಲವರು ಕೊನೆ ಗಳಿಗೆಯವರೆಗೆ ಯೋಚಿಸಿರುವುದಿಲ್ಲ. ಸಾಧಾರಣವಾಗಿ 25 ಮೇಕೆಗೆ ಒಂದು ಹೋತ ಸಾಕಾದರೆ, ಇಲ್ಲಿ ಆರೇಳಕ್ಕೊಂದು ಬೇಕು. ಸುಸ್ತಾದ ಹೋತದ ವೀರ್ಯದಲ್ಲಿ ಕಣಗಳು ಕಡಿಮೆ, ಆಗ ಹಾರ್ಮೋನಿಗೆ ಸುರಿದ ಹಣವೆಲ್ಲ ನೀರುಪಾಲು.

ಹಂತ 8: ಕೂಡಿಸಿದ ಮೇಲೆ

ಕೂಡಿಸಿದ 18ರಿಂದ 24ನೆಯ ದಿನಗಳವರೆಗೆ ಅಡ್ಡಬಟ್ಟೆ ಕಟ್ಟಿದ ಹೋತವನ್ನು ಮತ್ತೆ ಬಿಟ್ಟು ಯಾವುದು ತಿರುಗಿ ಬೆದೆಗೆ ಬಂತೆಂದು ಬರೆದಿಟ್ಟುಕೊಳ್ಳಿ. ಅವುಗಳನ್ನು ಆ ಬೆದೆಯಲ್ಲೇ ಕೂಡಿಸಬಹುದು, ಮತ್ತೊಂದು ಚುಚ್ಚುಮದ್ದು ಬೇಡ. ಬೆದೆಗೆ ಬರದಿದ್ದ ಮಾತ್ರಕ್ಕೆ ಗಬ್ಬವೆಂದು ತಿಳಿಯಬೇಡಿ, ಸುಳ್ಳು ಗಬ್ಬವೂ ಬೆದೆಯನ್ನು ನಿಲ್ಲಿಸುತ್ತದೆ. 45ನೆಯ ದಿನದ ಅಲ್ಟ್ರಾಸೌಂಡ್ ಎರಡನ್ನೂ ಬೇರ್ಪಡಿಸುತ್ತದೆ.

ಗಬ್ಬವೆಂದು ಖಚಿತವಾದ ಪ್ರತಿಯೊಂದಕ್ಕೂ ಬಣ್ಣದ ಗುರುತು ಹಾಕಿ, ಮುಂದಿನ ಗುಂಪಿಗೆ ಚುಚ್ಚುಮದ್ದು ಕೊಡುವ ದಿನ ಅವನ್ನು ಬೇರೆ ದೊಡ್ಡಿಯಲ್ಲಿ ಕೂಡಿ. ಈಯುವ ದಿನವನ್ನೂ ಪ್ರೊಸ್ಟಗ್ಲಾಂಡಿನ್‌ನಿಂದ ನಿಗದಿ ಮಾಡಬಹುದೆಂಬುದು ನಿಜ. 144 ದಿನ ತುಂಬಿದ ಮೇಲೆ ಕೊಟ್ಟರೆ ಸುಮಾರು 30ರಿಂದ 36 ಗಂಟೆಗಳಲ್ಲಿ ಈಯುತ್ತದೆ. ಆದರೆ ಕೂಡಿಸಿದ ತಾರೀಖು ಬರಹದಲ್ಲಿಲ್ಲದ ಮೇಕೆಗೆ ಇದನ್ನು ಕೊಡಿಸಬೇಡಿ: ಒಂದು ವಾರದ ಲೆಕ್ಕ ತಪ್ಪಿದರೂ ಹುಟ್ಟುವ ಮರಿಯ ಶ್ವಾಸಕೋಶ ಉಸಿರಾಡುವಷ್ಟು ಬಲಿತಿರುವುದಿಲ್ಲ.